‘ಮೂಲಗಳಿಲ್ಲ’ ಎಂದು ಬೋರ್ಡಿನ ಮೇಲೆ ಬರೆದಿದ್ದೆ: ಒಂದೂಕಾಲು ಗುಂಟೆಯ ಲೆಕ್ಕ

ಅಥಣಿಯಿಂದ ಮಾತಾಡ್ತಾ ಇದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಈಗ ನಿವೃತ್ತಿಯಾಗಿರುವ ಮಾಸ್ತರ ನಾನು. ಇವತ್ತು ವರ್ಗ ಸಮೀಕರಣದ ಬಗ್ಗೆ ಹೇಳಬೇಕು ಅಂತಿದ್ದೇನೆ. ಹೆಸರು ಕೇಳಿದ ಕೂಡಲೇ ಮುಂದಿನ ಕಂತಿಗೆ ಹೋಗಬೇಡಿ. ಇದರಲ್ಲಿ ಕಬ್ಬಿನ ಸಸಿ ಇದೆ, ಮಂಗಗಳಿವೆ, ಪಂಚಮಿ ಜೋಕಾಲಿ ಇದೆ, ನಾನು ಮಾಡಿದ ಒಂದು ತಪ್ಪೂ ಇದೆ. ಕೈಯಲ್ಲಿ ಪೆನ್ನು, ಕಾಗದ ಇದ್ದರೆ ಒಳ್ಳೇದು. ಗಾಡಿ ಓಡಿಸ್ತಾ ಕೇಳುವವರಿಗೆ ಬೇಡ, ಅಂಕಿಗಳನ್ನು ನಿಧಾನವಾಗಿಯೇ ಹೇಳ್ತೇನೆ.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕೃಷ್ಣಾ ನದಿ ಕಡೆಯ ಹಳ್ಳಿಯವನು. ಈಗ ಕಬ್ಬಿನ ಸಸಿ ಬೆಳೆಸಿ ಮಾರುವ ನರ್ಸರಿ ಮಾಡ್ಕೊಂಡಿದ್ದಾನೆ. ನಮ್ಮ ಕಡೆ ಈಗ ತುಂಡು ನಾಟಿ ಮಾಡುವ ಬದಲು ಟ್ರೇದಲ್ಲಿ ಬೆಳೆಸಿದ ಸಸಿ ಹಚ್ಚುವವರು ಬಹಳ ಆಗಿದ್ದಾರೆ. ಅವನ ನರ್ಸರಿ ಒಂದು ಗುಂಟೆ. ಸುತ್ತ ತಂತಿ ಜಾಳಿಗೆ ಹಾಕಿದ್ದಾನೆ. ಆ ಜಾಗ ನದಿಗೆ ಹತ್ತಿರ. 2019ರಲ್ಲಿ ಕೃಷ್ಣೆ ಹೇಗೆ ಬಂದಿದ್ದಳು ಅಂತ ನಮ್ಮ ತಾಲೂಕಿನವರಿಗೆ ಹೇಳಬೇಕಾಗಿಲ್ಲ. ಹಂಗಾಗಿ ನರ್ಸರಿಯನ್ನು ಮನೆ ಹತ್ತಿರದ ಎತ್ತರದ ಜಾಗಕ್ಕೆ ಒಯ್ಯೋ ವಿಚಾರ. ಜಾಳಿಗೆ ಅದೇ, ಹೊಸದು ಕೊಳ್ಳೋದಿಲ್ಲ. ಆದರೆ ಜಾಗ ಒಂದೂಕಾಲು ಗುಂಟೆ ಬೇಕಂತೆ.

“ಸರ, ಚೌಕ ಹಾಕೂದರ ಬದಲಿ ಉದ್ದಕ ಹಾಕಿದ್ರ ಜಾಗ ಹೆಚ್ಚ ಸಿಗ್ತೈತಿ ಅಲ್ರೀ? ಅಳತಿ ಹೇಳ್ರಿ, ಗೂಟ ಹೊಡಿತೀನಿ” ಅಂದ.

ಈ ಪ್ರಶ್ನೆ ನನಗೆ ಬಹಳ ಸೇರಿತು. ಯಾಕಂದ್ರೆ ಬಹಳ ಜನ ಹೀಗೇ ತಿಳಿದಿರ್ತಾರೆ. ಸುತ್ತಳತೆ ಅಷ್ಟೇ ಇದ್ದರೆ ಒಳಗಿನ ಜಾಗವೂ ಅಷ್ಟೇ, ಇಲ್ಲಾ ಉದ್ದ ಮಾಡಿದರೆ ಹೆಚ್ಚು ಅಂತ. ಗುಂಟೆ ಅಂದರೆ ಏನು ಅಂತ ಒಮ್ಮೆ ನೆನಪು ಮಾಡ್ಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ. 1089 ಚದರ ಅಡಿ. ಇಂಥ 40 ಸೇರಿದರೆ ಒಂದು ಎಕರೆ. ಗುಂಟೆಗೆ ಹದಿನಾರು ಆಣೆ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಅಂತ ಇವತ್ತಿಗೂ ಬರುತ್ತಲ್ಲ, ಅದೇ ಆಣೆ. ರೂಪಾಯಿಯ ಆಣೆ ಹೋಗಿ ಎಷ್ಟೋ ಕಾಲವಾಯಿತು, ಭೂಮಿಯ ಆಣೆ ಮಾತ್ರ ಉಳಿದಿದೆ.

ಅವನ ಜಾಳಿಗೆ ಒಂದು ಗುಂಟೆ ಚೌಕದ ಸುತ್ತ ನಿಂತಿತ್ತು. ನಾಲ್ಕು ಸಲ 33, ಅಂದರೆ 132 ಅಡಿ. ಆಯತ ಮಾಡಿದರೆ ಒಂದು ಉದ್ದ, ಒಂದು ಅಗಲ ಸೇರಿ 66 ಅಡಿ. ಒಂದೂಕಾಲು ಗುಂಟೆ ಅಂದರೆ 1361.25 ಚದರ ಅಡಿ. ಹಾಗಾದರೆ ಪ್ರಶ್ನೆ ಇಷ್ಟೇ: ಕೂಡಿಸಿದರೆ 66, ಗುಣಿಸಿದರೆ 1361.25 ಆಗುವ ಎರಡು ಅಳತೆ ಯಾವುವು?

ಶಾಲೆಯಲ್ಲಿ ಇದನ್ನು ಎಕ್ಸ್ ಹಿಡಿದು ಬರೀತೇವೆ. ಎಕ್ಸ್ ವರ್ಗ, ಮೈನಸ್ 66 ಎಕ್ಸ್, ಪ್ಲಸ್ 1361.25, ಸಮ ಸೊನ್ನೆ. ಆಮೇಲೆ ಸೂತ್ರ ಹಾಕ್ತೇವೆ. ಆ ಸೂತ್ರ ಈಗ ಬಿಡಿ. ಬಾಯಿಂದ ಮಾಡೋ ದಾರಿ ಒಂದಿದೆ. ಎರಡು ಸಂಖ್ಯೆ ಸೇರಿ 66 ಅಂದರೆ ಅವುಗಳ ನಡು 33. ಒಂದು 33ಕ್ಕಿಂತ ಎಷ್ಟು ಹೆಚ್ಚೋ ಇನ್ನೊಂದು ಅಷ್ಟೇ ಕಡಿಮೆ. ಆ ‘ಎಷ್ಟು’ ಅನ್ನೋದನ್ನ ವ್ಯತ್ಯಾಸ ಅಂತ ಕರೆಯೋಣ. 33 ಪ್ಲಸ್ ವ್ಯತ್ಯಾಸ, 33 ಮೈನಸ್ ವ್ಯತ್ಯಾಸ. ಇವೆರಡನ್ನು ಗುಣಿಸಿದರೆ 33ರ ವರ್ಗದಲ್ಲಿ ವ್ಯತ್ಯಾಸದ ವರ್ಗ ಕಳೆದಷ್ಟು ಬರುತ್ತದೆ. ಅಂದರೆ 1089 ಮೈನಸ್ ವ್ಯತ್ಯಾಸದ ವರ್ಗ.

ಇಲ್ಲೇ ಅವನ ಅನುಮಾನಕ್ಕೆ ಉತ್ತರ ಇದೆ. ಚೌಕದಿಂದ ಅತ್ತಿತ್ತ ಸರಿದಷ್ಟೂ ಜಾಗ ಕಳೆದುಹೋಗುತ್ತದೆ, ಕೂಡುವುದಿಲ್ಲ. 60 ಅಡಿ ಉದ್ದ, 6 ಅಡಿ ಅಗಲ ಮಾಡಿದರೆ ಬರೀ 360 ಚದರ ಅಡಿ. ಎಮ್ಮೆ ಕಟ್ಟೋಕೂ ಸಾಲದು. 132 ಅಡಿ ಜಾಳಿಗೆಯ ಆಯತಕ್ಕೆ ಒಂದು ಗುಂಟೆಯೇ ಕಟ್ಟಕಡೆ.

ಮೊದಲು ಕಡಿಮೆ ಜಾಗ ಕೇಳಿ ನೋಡಿದೆವು. ಮುಕ್ಕಾಲು ಗುಂಟೆ, 816.75 ಚದರ ಅಡಿ, ಸಾಕು ಅಂತಿಟ್ಟುಕೊಳ್ಳಿ. 1089ರಿಂದ 816.75 ಹೋದರೆ 272.25. ಅದರ ವರ್ಗಮೂಲ ಹದಿನಾರೂವರೆ. ಹಾಗಾದರೆ ಅಳತೆಗಳು 33 ಪ್ಲಸ್ 16.5, 33 ಮೈನಸ್ 16.5. ನಲವತ್ತೊಂಬತ್ತೂವರೆ ಅಡಿ, ಹದಿನಾರೂವರೆ ಅಡಿ. ಗೂಟ ಹೊಡೆಯಬಹುದು.

ಈಗ ಒಂದೂಕಾಲು ಗುಂಟೆ. 1089ರಿಂದ 1361.25 ಹೋಗಬೇಕು. ಹೋಗೋದಿಲ್ಲ. 272.25 ಸಾಲ ಬೀಳುತ್ತದೆ. ವ್ಯತ್ಯಾಸದ ವರ್ಗ ಮೈನಸ್ 272.25. ಅಂಕಿ ನೋಡಿ, ಅದೇ 272.25. ಚಿಹ್ನೆ ಮಾತ್ರ ತಿರುಗಿದೆ. ಮೈನಸ್ ಒಂದರ ವರ್ಗಮೂಲಕ್ಕೆ ಐ ಅಂತ ಹೆಸರಿಟ್ಟರೆ ಉತ್ತರ 33 ಪ್ಲಸ್ 16.5 ಐ, 33 ಮೈನಸ್ 16.5 ಐ. ತಾಳೆ ನೋಡಿ ಬೇಕಾದರೆ. ಕೂಡಿಸಿದರೆ ಐ ಇರುವ ಭಾಗಗಳು ಒಂದಕ್ಕೊಂದು ವಜಾ ಆಗಿ 66. ಗುಣಿಸಿದರೆ 1089ಕ್ಕೆ 272.25 ಕೂಡಿ 1361.25. ಕೇಳಿದ್ದು ಎರಡೇ ಶರತ್ತು, ಎರಡೂ ಪೂರೈಸಿದವು.

ಕಾಗದದ ಮೇಲೆ ಇಷ್ಟು ಬರೆದಾಗ ಅವನು ನನ್ನ ಮುಖ ನೋಡಿದ. “ಸರ, ಹತ್ತನೇದಾಗ ನೀವು ಇಂಥವಕ್ಕ ಮೂಲಗಳಿಲ್ಲ ಅಂತ ಬರಸ್ತಿದ್ರಿ.”

ಹೌದು, ಬರೆಸ್ತಿದ್ದೆ.

ಹತ್ತನೇ ತರಗತಿಯ ಪುಸ್ತಕದಲ್ಲಿ ಒಂದು ಲೆಕ್ಕ ಇದೆ. ಇಬ್ಬರು ಗೆಳೆಯರ ವಯಸ್ಸಿನ ಮೊತ್ತ 20. ನಾಲ್ಕು ವರ್ಷದ ಹಿಂದೆ ಅವರ ವಯಸ್ಸುಗಳ ಗುಣಲಬ್ಧ 48 ಇತ್ತು. ಇದು ಸಾಧ್ಯವೇ ಅಂತ ಕೇಳ್ತಾರೆ. ಶೋಧಕ ಕಂಡುಹಿಡಿದರೆ ಮೈನಸ್ 48 ಬರುತ್ತದೆ. ಶೋಧಕ ಅಂದರೆ ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯ ಕೆಳಗೆ ಕೂತಿರುತ್ತಲ್ಲ, ಅದು. ಅದು ಋಣವಾದರೆ ‘ವಾಸ್ತವ ಮೂಲಗಳಿಲ್ಲ’ ಅಂತ ಬರೆಯಬೇಕು. ಪುಸ್ತಕದಲ್ಲಿ ‘ವಾಸ್ತವ’ ಅನ್ನೋ ಶಬ್ದ ಇದೆ. ನಾನು ಬೋರ್ಡಿನ ಮೇಲೆ ಅದನ್ನು ಬಿಟ್ಟು ‘ಮೂಲಗಳಿಲ್ಲ’ ಅಂತ ಬರೀತಿದ್ದೆ. ಪರೀಕ್ಷೆಗೆ ಸಾಕು, ಹುಡುಗರಿಗೆ ಗೊಂದಲ ಬೇಡ ಅನ್ನೋ ಲೆಕ್ಕಾಚಾರ. ಎಷ್ಟು ವರ್ಷ ಹಂಗೇ ಬರೆದೆ ಅಂತ ಎಣಿಸಲಿಕ್ಕೆ ಹೋಗೋದಿಲ್ಲ.

ಇವನು ಹತ್ತರಲ್ಲಿ ಗಣಿತದಲ್ಲಿ ಚಲೋ ಇದ್ದ. ಪಿಯುಸಿಗೆ ವಿಜ್ಞಾನ ತಗೊಂಡ. ಕನ್ನಡ ಮಾಧ್ಯಮದಿಂದ ಒಮ್ಮೆಲೇ ಇಂಗ್ಲಿಷಿಗೆ ಹೋಗೋ ಕಷ್ಟ ನಮ್ಮ ಕಡೆಯ ಮಕ್ಕಳಿಗೆ ಗೊತ್ತು. ಆ ಕಷ್ಟದ ನಡುವೆ ಮೊದಲ ಟೆಸ್ಟಿನಲ್ಲಿ ಇಂಥದೇ ಒಂದು ಸಮೀಕರಣ ಬಂತಂತೆ. ಗಣಿತ ಅಂದರೆ ಭಾಷೆ ಬೇಕಿಲ್ಲ, ಇದೊಂದು ನನಗೆ ಬರುತ್ತೆ ಅಂತ ಧೈರ್ಯವಾಗಿ ಮೂಲಗಳಿಲ್ಲ ಅಂತ ಬರೆದ. ಸೊನ್ನೆ ಬಂತು. ಅವತ್ತು ಅವನಿಗೆ ಅನ್ನಿಸಿದ್ದು, ಗಣಿತದಲ್ಲೂ ಹೋದ ವರ್ಷದ ಸತ್ಯ ಈ ವರ್ಷ ಸುಳ್ಳಾಗುತ್ತದೆ ಅಂತ. ಕೆಲವು ತಿಂಗಳ ಮೇಲೆ ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡ. ನನ್ನ ಒಂದು ಶಬ್ದದಿಂದಲೇ ಅವನು ವಿಜ್ಞಾನ ಬಿಟ್ಟ ಅಂತ ಹೇಳೋದಿಲ್ಲ. ಇಂಗ್ಲಿಷ್ ಇತ್ತು, ದಿನಾ ಬಸ್ಸಿನ ಓಡಾಟ ಇತ್ತು, ಮನೆಯಲ್ಲಿ ಹೊಲದ ಕೆಲಸ ಇತ್ತು. ಆದರೆ ಅವನು ನಂಬಿದ್ದ ಒಂದೇ ವಿಷಯದಲ್ಲಿ ನಂಬಿಕೆ ಕೆಡಿಸಿದ್ದು ಮಾತ್ರ ನಾನೇ. ಇಷ್ಟು ವರ್ಷ ಅವನು ಇದನ್ನು ಹೇಳಿರಲಿಲ್ಲ. ಜಾಳಿಗೆಯ ನೆಪದಲ್ಲಿ ಹೊರಗೆ ಬಂತು.

ಹಾಗಾದರೆ ‘ಇಲ್ಲ’ ಅನ್ನಲೇಬಾರದಿತ್ತೇ? ಅನ್ನಬಹುದು. ಹೇಗೆ ಅನ್ನಬೇಕು ಅನ್ನೋದಕ್ಕೆ ಕರ್ನಾಟಕದಲ್ಲೇ ಒಬ್ಬ ಗುರು ಇದ್ದ. ಒಂಬತ್ತನೇ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು. ಅಂದರೆ ‘ಕವಿರಾಜಮಾರ್ಗ’ ಹುಟ್ಟಿದ ಕಾಲ. ‘ಗಣಿತಸಾರಸಂಗ್ರಹ’ ಅಂತ ಸಂಸ್ಕೃತದಲ್ಲಿ ಪುಸ್ತಕ ಬರೆದ, ಅದರ ಆರಂಭದಲ್ಲಿ ಅಮೋಘವರ್ಷನನ್ನು ಹೊಗಳಿದ್ದಾನೆ. ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಹೊರಗಿನ ಜಗತ್ತಿಗೂ ಗೊತ್ತಾಯಿತು.

ಆ ಪುಸ್ತಕದ ಮೊದಲ ಅಧ್ಯಾಯದಲ್ಲೇ ಮಹಾವೀರ ಈ ಮಾತಿಗೆ ಬರ್ತಾನೆ. ಅವನ ವಾದ ಇಷ್ಟು: ಧನ ಸಂಖ್ಯೆಯ ವರ್ಗ ಧನ, ಋಣ ಸಂಖ್ಯೆಯ ವರ್ಗವೂ ಧನ. ಹಾಗಾಗಿ ಋಣ ಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ. ವರ್ಗವೇ ಅಲ್ಲದ್ದಕ್ಕೆ ವರ್ಗಮೂಲ ಎಲ್ಲಿಂದ ಬರಬೇಕು? ಜಗತ್ತಿನಲ್ಲಿ ಈ ತೊಡಕನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮೊದಲಿಗ ಅಂತ ಗಣಿತದ ಇತಿಹಾಸ ಬರೆಯುವವರು ಅವನ ಹೆಸರು ಹೇಳ್ತಾರೆ.

ನೋಡಿ, ಅವನೂ ‘ಇಲ್ಲ’ ಅಂದ, ನಾನೂ ‘ಇಲ್ಲ’ ಅಂದೆ. ಅವನು ಯಾಕೆ ಇಲ್ಲ ಅಂತ ಕಾರಣ ಕೊಟ್ಟ. ಕಾರಣ ಕೊಟ್ಟಾಗ ಕೇಳುವವನಿಗೆ ಒಂದು ಬಾಗಿಲು ಕಾಣುತ್ತದೆ. ತನ್ನನ್ನು ತಾನೇ ಗುಣಿಸಿದರೆ ಋಣ ಬರುವಂಥ ಬೇರೆ ಜಾತಿಯ ಸಂಖ್ಯೆ ಇದ್ದಿದ್ದರೆ? ಅಂತ ಯಾರಾದರೂ ಕೇಳಬಹುದು. ನನ್ನ ‘ಇಲ್ಲ’ದಲ್ಲಿ ಅಂಥದ್ದೇನೂ ಇರಲಿಲ್ಲ, ಶಿಳ್ಳೆ ಊದಿ ಆಟ ಮುಗಿಸಿದ ಹಾಗಿತ್ತು.

ಮಹಾವೀರನ ಆಮೇಲೆ ಸುಮಾರು ಮುನ್ನೂರು ವರ್ಷಕ್ಕೆ ಭಾಸ್ಕರಾಚಾರ್ಯ. 1114ರಲ್ಲಿ ಹುಟ್ಟಿದವನು. ಅವನ ಊರು ನಮ್ಮ ಪಕ್ಕದ ವಿಜಯಪುರ ಅಂತ ನಾವು ಹೇಳ್ತೇವೆ, ಚಾಳೀಸಗಾಂವ ಹತ್ತಿರದ ಪಾಟಣ ಅಂತ ಮಹಾರಾಷ್ಟ್ರದವರು ಹೇಳ್ತಾರೆ. ಗಡಿ ತಂಟೆ ಹನ್ನೆರಡನೇ ಶತಮಾನಕ್ಕೂ ಹೋಗಿದೆ ಅನ್ನಿ. ಅವನ ‘ಬೀಜಗಣಿತ’ದಲ್ಲಿ ಮಂಗಗಳ ಲೆಕ್ಕ ಒಂದಿದೆ. ಒಂದು ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡ್ತಾ ಇವೆ, ಉಳಿದ 12 ಗುಡ್ಡದ ಮೇಲೆ ಕಾಣ್ತಾ ಇವೆ. ಹಿಂಡಿನಲ್ಲಿ ಒಟ್ಟು ಎಷ್ಟು? ಉತ್ತರ ಎರಡು: 16 ಅಥವಾ 48. ಹದಿನಾರರ ಎಂಟನೇ ಭಾಗ 2, ಅದರ ವರ್ಗ 4, ಹನ್ನೆರಡು ಕೂಡಿದರೆ 16. ನಲವತ್ತೆಂಟರ ಎಂಟನೇ ಭಾಗ 6, ವರ್ಗ 36, ಹನ್ನೆರಡು ಕೂಡಿದರೆ 48. ಎರಡೂ ಸರಿ.

ಇನ್ನೊಂದು ಮಂಗಗಳ ಲೆಕ್ಕದಲ್ಲಿ ಅವನಿಗೆ 50 ಮತ್ತು 5 ಅಂತ ಎರಡು ಉತ್ತರ ಬರ್ತವೆ. ಅಲ್ಲಿ ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆಯಬೇಕು. ಐದರ ಐದನೇ ಭಾಗ ಒಂದು. ಒಂದು ಮಂಗನಿಂದ ಮೂರು ಮಂಗ ಕಳೆಯೋದು ಹೇಗೆ? ಋಣ ಮಂಗಗಳನ್ನು ಜನ ಒಪ್ಪೋದಿಲ್ಲ ಅಂತ 5ನ್ನು ಬಿಟ್ಟುಬಿಡ್ತಾನೆ. ಗಣಿತ ಕೊಟ್ಟ ಉತ್ತರ ಬೇರೆ, ಪ್ರಶ್ನೆಗೆ ಒಪ್ಪುವ ಉತ್ತರ ಬೇರೆ ಅನ್ನೋದು ಅವನಿಗೆ ಅಷ್ಟು ನಿಚ್ಚಳವಾಗಿತ್ತು. ಋಣದ ವರ್ಗಮೂಲದ ವಿಷಯದಲ್ಲಿ ಮಾತ್ರ ಅವನೂ ಮಹಾವೀರನ ಮಾತನ್ನೇ ಹೇಳ್ತಾನೆ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡುವ ಸೂತ್ರದ ದಾರಿ, ಅಂದರೆ ನಾಲ್ಕು ಎ ಯಿಂದ ಗುಣಿಸಿ ಬಿ ವರ್ಗ ಕೂಡಿಸಿ ವರ್ಗಮೂಲ ತೆಗೆಯೋದು, ಶ್ರೀಧರಾಚಾರ್ಯನದು ಅಂತ ನಮಗೆ ತಿಳಿದದ್ದೂ ಭಾಸ್ಕರ ಅವನ ಹೆಸರು ಹೇಳಿದ್ದರಿಂದ.

ಈಗ ಆ ಮೊದಲನೇ ಮಂಗಗಳ ಲೆಕ್ಕವನ್ನು ಸ್ವಲ್ಪ ತಿರುಗಿಸೋಣ. ಇದು ನನ್ನ ಆಟ, ಭಾಸ್ಕರನದಲ್ಲ. ಗುಡ್ಡದ ಮೇಲಿನ ಮಂಗಗಳನ್ನು ಒಂದೊಂದೇ ಹೆಚ್ಚು ಮಾಡ್ತಾ ಹೋಗಿ. 12 ಇದ್ದಾಗ ಉತ್ತರ 16 ಮತ್ತು 48. 15 ಆದಾಗ 24 ಮತ್ತು 40. ಎರಡು ಉತ್ತರಗಳು ಹತ್ತಿರ ಬರ್ತಾ ಇವೆ. 16 ಆದಾಗ ಎರಡೂ 32ರಲ್ಲಿ ಬಂದು ಡಿಕ್ಕಿ ಹೊಡೀತಾವೆ. 17 ಆದರೆ? ಹತ್ತನೇ ತರಗತಿಯಲ್ಲಿ ನಾನು ಇಲ್ಲಿಗೆ ನಿಲ್ಲಿಸ್ತಿದ್ದೆ. ಆದರೆ ಲೆಕ್ಕ ನಿಲ್ಲೋದಿಲ್ಲ. 32 ಪ್ಲಸ್ 8 ಐ, 32 ಮೈನಸ್ 8 ಐ ಅಂತ ಬರುತ್ತದೆ. ತಾಳೆ ನೋಡಿ: 32 ಪ್ಲಸ್ 8 ಐ ಅದರ ಎಂಟನೇ ಭಾಗ 4 ಪ್ಲಸ್ ಐ. ಅದರ ವರ್ಗ 15 ಪ್ಲಸ್ 8 ಐ. ಹದಿನೇಳು ಕೂಡಿಸಿದರೆ 32 ಪ್ಲಸ್ 8 ಐ. ಕರಾರುವಾಕ್ಕು. ಎದುರಾಬದುರು ಬಂದು ಡಿಕ್ಕಿ ಹೊಡೆದ ಎರಡು ಉತ್ತರಗಳು ಸಾಯಲಿಲ್ಲ. ರಸ್ತೆ ಬಿಟ್ಟು ಒಂದು ಎಡಕ್ಕೆ, ಒಂದು ಬಲಕ್ಕೆ ಹೊಲಕ್ಕೆ ಇಳಿದವು, ಅಷ್ಟೆ.

‘ರಸ್ತೆ ಬಿಟ್ಟು ಹೊಲಕ್ಕೆ ಇಳಿದವು’ ಅಂದದ್ದು ಬರೀ ಹೋಲಿಕೆಯಲ್ಲ. ಸಂಖ್ಯೆಗಳನ್ನು ಒಂದು ಗೆರೆಯ ಮೇಲೆ ಇಡ್ತೇವಲ್ಲ, ಸೊನ್ನೆ ನಡುವೆ, ಧನ ಬಲಕ್ಕೆ, ಋಣ ಎಡಕ್ಕೆ. ಆ ಗೆರೆಯ ಆಚೀಚೆ ಜಾಗ ಖಾಲಿ ಇದೆಯಲ್ಲ ಅಂತ ಅದನ್ನೂ ಬಳಸಿಕೊಂಡವನು ಕ್ಯಾಸ್ಪರ್ ವೆಸೆಲ್, ನಾರ್ವೆಯಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ಕೆಲಸ ಮಾಡಿದವನು. 1797ರಲ್ಲಿ ಅಲ್ಲಿನ ಅಕಾಡೆಮಿಯ ಮುಂದೆ ಮಂಡಿಸಿದ. ಅವನ ಉದ್ಯೋಗ ಏನು ಗೊತ್ತೇ? ಭೂಮಾಪನ. ಸರ್ವೆಯವನು. ಹೊಲ ಅಳೆಯುವವನಿಗೇ ಇದು ಹೊಳೆಯಿತು ಅನ್ನೋದು ನನಗೆ ಭಾರಿ ಖುಷಿ ಕೊಟ್ಟ ಸಂಗತಿ.

ಐ ಅಂದರೆ ಏನು ಅಂತ ಮಕ್ಕಳಿಗೆ ಹೇಳಲಿಕ್ಕೆ ಡ್ರಿಲ್ ಪೀರಿಯಡ್ ಸಾಕು. ಮೈನಸ್ ಒಂದರಿಂದ ಗುಣಿಸೋದು ಅಂದರೆ ‘ಹಿಂದೆ ತಿರುಗು’. ಬಲಕ್ಕೆ ಮೂರು ಹೆಜ್ಜೆ ಇದ್ದದ್ದು ಎಡಕ್ಕೆ ಮೂರು ಹೆಜ್ಜೆ ಆಗುತ್ತದೆ. ಐ ಯಿಂದ ಗುಣಿಸೋದು ಅಂದರೆ ‘ಎಡಕ್ಕೆ ತಿರುಗು’. ಎರಡು ಸಲ ಎಡಕ್ಕೆ ತಿರುಗಿದರೆ ಹಿಂದೆ ತಿರುಗಿದ ಹಾಗೇ ಆಯಿತಲ್ಲ? ಐ ಗುಣಿಲೆ ಐ ಮೈನಸ್ ಒಂದು ಅಂದರೆ ಅಷ್ಟೇ. ಮಹಾವೀರ ಹೇಳಿದ್ದೂ ಸುಳ್ಳಾಗಲಿಲ್ಲ. ರಸ್ತೆಯ ಮೇಲೆ ಹುಡುಕಿದರೆ ಅದು ಇಲ್ಲ, ಹೊಲದಲ್ಲಿ ಇದೆ.

ಇಟಲಿಯ ಕಾರ್ಡಾನೊ 1545ರಲ್ಲಿ ನಮ್ಮ ಜಾಳಿಗೆಯಂಥದೇ ಲೆಕ್ಕ ಹಾಕಿದ್ದ. ಹತ್ತನ್ನು ಎರಡು ಭಾಗ ಮಾಡು, ಗುಣಿಸಿದರೆ 40 ಬರಬೇಕು. ನಡು 5, ಅದರ ವರ್ಗ 25, ನಲವತ್ತಕ್ಕೆ 15 ಕಡಿಮೆ. ಹಾಗಾಗಿ 5 ಪ್ಲಸ್ ಅಥವಾ ಮೈನಸ್, ಮೈನಸ್ 15ರ ವರ್ಗಮೂಲ. ಮನಸ್ಸಿಗಾಗುವ ಹಿಂಸೆ ಬದಿಗಿಟ್ಟು ಗುಣಿಸಿ ನೋಡಿದ, ನಲವತ್ತೇ ಬಂತು. ಬಹಳ ಸೂಕ್ಷ್ಮ, ಆದರೆ ಉಪಯೋಗ ಇಲ್ಲ ಅಂತ ಷರಾ ಬರೆದ. ಅದರ ಕೂಡಿಸುವ, ಗುಣಿಸುವ ನಿಯಮಗಳನ್ನು ಬೊಂಬೆಲ್ಲಿ 1572ರಲ್ಲಿ ಕೊಟ್ಟ. ಡೆಕಾರ್ಟೆ 1637ರಲ್ಲಿ ‘ಕಾಲ್ಪನಿಕ’ ಅಂತ ಹೆಸರಿಟ್ಟು ಕೆಡಿಸಿದ. ಆ ಹೆಸರು ಇವತ್ತಿಗೂ ಮಕ್ಕಳನ್ನು ದಿಕ್ಕು ತಪ್ಪಿಸುತ್ತದೆ. ಕನ್ನಡದ ‘ಸಂಕೀರ್ಣ ಸಂಖ್ಯೆ’ಯೂ ಹೆದರಿಸುವ ಹೆಸರೇ. ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ವಾಣಿಜ್ಯ ಸಂಕೀರ್ಣ ಅಂದರೆ ಯಾರೂ ಹೆದರೋದಿಲ್ಲ. ಅಲ್ಲಿ ನಾಲ್ಕಾರು ಅಂಗಡಿ ಒಂದೇ ಮಾಡಿನ ಕೆಳಗೆ ಇರುವ ಹಾಗೆ ಇಲ್ಲಿ ಎರಡು ಭಾಗ ಒಂದೇ ಸಂಖ್ಯೆಯೊಳಗೆ ಇವೆ. ಅದಕ್ಕಿಂತ ಹೆಚ್ಚಿನದೇನಿಲ್ಲ.

ಕಾರ್ಡಾನೊನ ‘ಉಪಯೋಗ ಇಲ್ಲ’ ಅನ್ನೋದಕ್ಕೆ ಈಗ ಬರ್ತೇನೆ. ನನ್ನ ವಿದ್ಯಾರ್ಥಿಯೂ ಅದನ್ನೇ ಕೇಳಿದ. “ಐ ಇಟ್ಕೊಂಡು ಗೂಟ ಹೊಡಿಯಾಕ ಆಗತೈತೇನ್ರೀ?”

ಆಗೋದಿಲ್ಲ. ಆದರೆ ಆ ಉತ್ತರವನ್ನು ಓದಲಿಕ್ಕೆ ಆಗುತ್ತದೆ. 33 ಪ್ಲಸ್ 16.5 ಐ. ಇದರಲ್ಲಿ 33 ಏನು? ನಿನ್ನ ಜಾಳಿಗೆಯಿಂದ ಅತಿ ಹೆಚ್ಚು ಜಾಗ ಸಿಗುವ ಅಳತೆ. ಚೌಕದ ಬದಿ. 16.5 ಏನು? ಅದರ ವರ್ಗ ಮಾಡು, 272.25. ನಿನಗೆ ಕಡಿಮೆ ಬಿದ್ದ ಜಾಗ ಎಷ್ಟೋ ಅಷ್ಟು. ಗುಂಟೆಯ ಕಾಲು ಭಾಗ, ನಾಲ್ಕಾಣೆ. ಗೆಳೆಯರ ವಯಸ್ಸಿನ ಲೆಕ್ಕವನ್ನೂ ಹೀಗೇ ನೋಡಿ. ನಾಲ್ಕು ವರ್ಷದ ಹಿಂದೆ ಅವರ ವಯಸ್ಸಿನ ಮೊತ್ತ 12. ಆರು ಆರಲೆ 36ಕ್ಕಿಂತ ಗುಣಲಬ್ಧ ಮೇಲೆ ಹೋಗೋದಿಲ್ಲ. 48 ಕೇಳಿದ್ದಾರೆ, 12 ಕಡಿಮೆ. ಉತ್ತರದಲ್ಲಿ ಐ ಜೊತೆ ಇರೋದು 12ರ ವರ್ಗಮೂಲವೇ. ‘ಮೂಲಗಳಿಲ್ಲ’ ಅಂತ ಬರೆದರೆ ಬರೀ ಆಗೋದಿಲ್ಲ ಅಂತ ಗೊತ್ತಾಗುತ್ತದೆ. ಸಂಕೀರ್ಣ ಮೂಲ ಎಷ್ಟರಿಂದ ಆಗೋದಿಲ್ಲ ಅನ್ನೋದನ್ನೂ ಹೇಳುತ್ತದೆ. ಸೊಸೈಟಿಯಲ್ಲಿ ಸಾಲ ಇಲ್ಲ ಅನ್ನೋದಕ್ಕೂ, ಇನ್ನು ನಾಲ್ಕಾಣೆ ಭೂಮಿ ಇದ್ದಿದ್ದರೆ ಕೊಡ್ತಿದ್ದೆವು ಅನ್ನೋದಕ್ಕೂ ಇರುವಷ್ಟು ಫರಕು.

ಇದು ಜಾಗದ ಲೆಕ್ಕ. ಇದಕ್ಕಿಂತ ದೊಡ್ಡ ಉಪಯೋಗ ತೂಗಾಡುವ ವಸ್ತುಗಳಲ್ಲಿದೆ. ನಾಗರಪಂಚಮಿಗೆ ನಮ್ಮ ಕಡೆ ಮರಕ್ಕೆ ಜೋಕಾಲಿ ಕಟ್ಟೋದು ನಿಮಗೆ ಗೊತ್ತು. ಜೀಕಿ ಬಿಟ್ಟರೆ ಹೋಗಿ ಬಂದು, ಹೋಗಿ ಬಂದು, ಕಡಿಮೆ ಆಗ್ತಾ ಆಗ್ತಾ ನಿಲ್ಲುತ್ತದೆ. ಇದರ ಹಿಂದೆಯೂ ಒಂದು ವರ್ಗ ಸಮೀಕರಣ ಇದೆ. ಒಂದು ಮೀಟರ್ ಹಗ್ಗಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟಿದ್ದೀರಿ ಅಂದುಕೊಳ್ಳಿ. ಸಮೀಕರಣ ಸುಮಾರು ಹೀಗೆ ಬರುತ್ತದೆ: ಆರ್ ವರ್ಗ, ಪ್ಲಸ್ 2 ಆರ್, ಪ್ಲಸ್ 10, ಸಮ ಸೊನ್ನೆ. ಹತ್ತು ಬಂದದ್ದು ಗುರುತ್ವದಿಂದ, 9.8 ಅನ್ನೋದನ್ನ ಹತ್ತು ಮಾಡಿದ್ದೇನೆ. ಎರಡು ಬಂದದ್ದು ತಡೆಯಿಂದ, ಅಂಕಿ ಚೆಂದ ಬರಲಿ ಅಂತ ಗಾಳಿಯ ತಡೆಗಿಂತ ಜೋರಾಗಿಯೇ ಹಿಡಿದಿದ್ದೇನೆ. ಬಿಡಿಸಿದರೆ ಮೂಲಗಳು ಮೈನಸ್ 1 ಪ್ಲಸ್ 3 ಐ, ಮೈನಸ್ 1 ಮೈನಸ್ 3 ಐ. ಹತ್ತನೇ ತರಗತಿಯ ಭಾಷೆಯಲ್ಲಿ ಮೂಲಗಳಿಲ್ಲ. ಆದರೆ ಕಲ್ಲು ಕಣ್ಣ ಮುಂದೆ ತೂಗ್ತಾ ಇದೆಯಲ್ಲ! ಆ ಮೈನಸ್ ಒಂದು ತೂಗಾಟ ಎಷ್ಟು ಬೇಗ ತಗ್ಗುತ್ತದೆ ಅಂತ ಹೇಳುತ್ತದೆ. ಐ ಜೊತೆಗಿನ ಮೂರು ಎಷ್ಟು ಬೇಗ ಹೋಗಿ ಬರುತ್ತದೆ ಅಂತ ಹೇಳುತ್ತದೆ, ಹತ್ತಿರ ಹತ್ತಿರ ಎರಡು ಸೆಕೆಂಡಿಗೊಮ್ಮೆ.

ಅದೇ ಕಲ್ಲನ್ನು ಗಾಳಿಯಲ್ಲಿ ಬಿಟ್ಟು ಬೆಲ್ಲದ ಪಾಕದಲ್ಲಿ ತೂಗಿ. ತಡೆ ಹೆಚ್ಚಾಯಿತು, 2 ಇದ್ದ ಜಾಗದಲ್ಲಿ 7 ಇಡಿ. ಮೂಲಗಳು ಮೈನಸ್ 2, ಮೈನಸ್ 5. ಐ ಹೋಯಿತು, ತೂಗಾಟವೂ ಹೋಯಿತು. ಕಲ್ಲು ಅಂಟಂಟಾಗಿ ನಡುವಿಗೆ ಬಂದು ಸುಮ್ಮನೆ ನಿಲ್ಲುತ್ತದೆ. ಅಂದರೆ ತೂಗುತ್ತದೋ ಇಲ್ಲವೋ ಅನ್ನೋದನ್ನ ಶೋಧಕದ ಚಿಹ್ನೆ ತೀರ್ಮಾನ ಮಾಡುತ್ತದೆ. ಬೈಕಿನ ಶಾಕ್ ಅಬ್ಸಾರ್ಬರ್ ಹಾಳಾದಾಗ ಗುಂಡಿ ದಾಟಿದ ಮೇಲೂ ಗಾಡಿ ಕುಣೀತಾ ಇರುತ್ತಲ್ಲ, ಅಲ್ಲಿ ನೀವು ಸಂಕೀರ್ಣ ಮೂಲಗಳ ಮೇಲೆ ಕೂತಿರ್ತೀರಿ. ನಮ್ಮ ರಸ್ತೆಗಳಲ್ಲಿ ದಿನಾ ಕೂತಿರ್ತೇವೆ. ಹೆಸ್ಕಾಂನಿಂದ ಪಂಪ್‌ಸೆಟ್‌ಗೆ ಬರುವ ಕರೆಂಟೂ ಸೆಕೆಂಡಿಗೆ 50 ಸಲ ಹೋಗಿ ಬರುವ ತೂಗಾಟವೇ. ಆ ಲೆಕ್ಕಗಳನ್ನು ಸಂಕೀರ್ಣ ಸಂಖ್ಯೆಗಳಲ್ಲಿ ಮಾಡಿದರೆ ಎಷ್ಟು ಸುಲಭ ಅಂತ ಸ್ಟೈನ್‌ಮೆಟ್ಸ್ ಅನ್ನೋ ಎಂಜಿನಿಯರ್ 1893ರಲ್ಲಿ ತೋರಿಸಿದ, ಅಲ್ಲಿಂದ ಎಂಜಿನಿಯರುಗಳು ಅದನ್ನು ಬಿಟ್ಟಿಲ್ಲ.

ಇದೆಲ್ಲಾ ನಾನು ಅವನಿಗೆ ಒಂದೇ ದಿನ ಹೇಳಿದೆ ಅಂದುಕೊಳ್ಳಬೇಡಿ. ಚಹಾ ಆಯಿತು, ಮತ್ತೆರಡು ಸಲ ಬಂದ. ಜೋಕಾಲಿ ಲೆಕ್ಕ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಇದನ್ನ ಆಗ ಹೇಳಬೇಕಿತ್ರಿ ಸರ” ಅಂದ. ಸಿಟ್ಟಿನಿಂದ ಅಂದದ್ದಲ್ಲ. ಹತ್ತನೇ ತರಗತಿಯಲ್ಲಿ ಇಷ್ಟೆಲ್ಲಾ ಹೇಳಲಿಕ್ಕೆ ಸಮಯ ಇರೋದಿಲ್ಲ ನಿಜ. ‘ವಾಸ್ತವ’ ಅನ್ನೋ ಮೂರಕ್ಷರ ಬರೆದು, ‘ಬೇರೆ ಥರದ ಮೂಲ ಇವೆ, ಮುಂದಿನ ವರ್ಷ ಸಿಗ್ತಾವೆ’ ಅಂತ ಒಂದು ಮಾತು ಹೇಳಲಿಕ್ಕೆ ಅರ್ಧ ನಿಮಿಷ ಸಾಕಿತ್ತು. ಈಗ ಕಲಿಸುತ್ತಿರುವ ಮಾಸ್ತರರು, ಬಾಯಿಯವರು ಯಾರಾದರೂ ಇದನ್ನು ಕೇಳ್ತಾ ಇದ್ದರೆ ನಾನು ಕೇಳಿಕೊಳ್ಳೋದು ಆ ಅರ್ಧ ನಿಮಿಷ ಮಾತ್ರ.

ನರ್ಸರಿ ಏನಾಯಿತು ಅಂತ ಹೇಳದೆ ಹೋದರೆ ನೀವು ಬಿಡೋದಿಲ್ಲ. ನಾಲ್ಕಾಣೆ ಕಡಿಮೆ ಅಂತ ಗೊತ್ತಾದ ಮೇಲೆ ಅವನು ಪ್ರಶ್ನೆಯನ್ನೇ ಬದಲಾಯಿಸಿದ. ಹೊಸ ಜಾಗದ ಒಂದು ಬದಿಗೆ ದನದ ಕೊಟ್ಟಿಗೆಯ ಗೋಡೆ ಇದೆ, 30 ಅಡಿ ಉದ್ದ. “ಆ ಕಡೆ ಜಾಳಗಿ ಯಾಕ ಬೇಕ್ರಿ?” ಅಂದ. ಸರಿ, ಮೂರು ಬದಿಗೆ ಮಾತ್ರ ಜಾಳಿಗೆ. ಗೋಡೆಯಿಂದ ಹೊರಗೆ ಬರುವ ಎರಡು ಬದಿ ಎಕ್ಸ್, ಎಕ್ಸ್, ಎದುರಿನದು 132 ಮೈನಸ್ 2 ಎಕ್ಸ್. ಗುಣಲಬ್ಧ 1361.25. ಈ ಸಲ ಶೋಧಕ 6534, ಧನ. ಮೂಲಗಳು ಸುಮಾರು 53.2 ಮತ್ತು 12.8. ಹನ್ನೆರಡು ಚಿಲ್ಲರೆ ಹಿಡಿದರೆ ಎದುರಿನ ಬದಿ 106 ಅಡಿ ಆಗುತ್ತದೆ, ಅಷ್ಟು ಗೋಡೆ ಇಲ್ಲ. ಭಾಸ್ಕರ ಐದನ್ನು ಬಿಟ್ಟ ಹಾಗೆ ಅದನ್ನು ಬಿಟ್ಟೆವು. ಇನ್ನೊಂದನ್ನು ಪೂರ್ಣಾಂಕ ಮಾಡಿ 53, 53, ಎದುರಿಗೆ 26. ಒಟ್ಟು ಜಾಳಿಗೆ 132 ಅಡಿ, ಒಳಗೆ 1378 ಚದರ ಅಡಿ. ಒಂದೂಕಾಲು ಗುಂಟೆಗಿಂತ ಚೂರು ಹೆಚ್ಚೇ.

ಮೃಗಶಿರಾ ಮಳೆಗೆ ಮುಂಚೆ ಗೂಟ ಹೊಡೆದು ಮುಗಿಸಿದ. ನಾನೂ ಹೋಗಿ ಟೇಪಿನ ಒಂದು ತುದಿ ಹಿಡಿದಿದ್ದೆ. 33 ಪ್ಲಸ್ 16.5 ಐ ಅಂತ ಬರೆದ ಕಾಗದವನ್ನು ಅವನು ಸಸಿಯ ಲೆಕ್ಕ ಬರೆಯುವ ವಹಿಯಲ್ಲಿ ಮಡಚಿ ಇಟ್ಟುಕೊಂಡಿದ್ದಾನೆ. ಅವನ ಮಗಳು ಬರುವ ವರ್ಷ ಹತ್ತನೇ ತರಗತಿ.